ರೀಸ್ಟಾರ್ಟ್ ಒತ್ತಿದ ಮೇಲಿನ ಆ ಕತ್ತಲಲ್ಲಿ ಏನು ನಡೆಯುತ್ತದೆ?

"ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ." ಕಂಪ್ಯೂಟರ್ ಏನೇ ತಕರಾರು ತೆಗೆಯಲಿ, ಮೊದಲು ಸಿಗುವ ಸಲಹೆ ಇದೇ. ನಾವೂ ಒತ್ತುತ್ತೇವೆ. ಚಕ್ರ ತಿರುಗುತ್ತದೆ, ಪರದೆ ಕಪ್ಪಾಗುತ್ತದೆ, ತಯಾರಕರ ಲೋಗೋ ಬರುತ್ತದೆ, ಆಮೇಲೆ ಎಲ್ಲ ಮಾಮೂಲು. ನಡುವಿನ ಕತ್ತಲಲ್ಲಿ ಏನಾಯಿತು ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗ ಸ್ವಲ್ಪ ತಲೆ ಕೆಡಿಸಿಕೊಳ್ಳುವ ಸಂದರ್ಭ ಬಂದಿದೆ. ಕಂಪ್ಯೂಟರ್ ಶುರುವಾಗುವಾಗ ಲೋಡ್ ಆಗುತ್ತಿರುವ ಸಾಫ್ಟ್‌ವೇರ್ ಅಸಲಿಯೇ ಎಂದು ಪರೀಕ್ಷಿಸುವ ವ್ಯವಸ್ಥೆಗೆ ಸೆಕ್ಯೂರ್ ಬೂಟ್ ಎಂದು ಹೆಸರು. ಅದಕ್ಕಾಗಿ ಮೈಕ್ರೋಸಾಫ್ಟ್ 2011ರಲ್ಲಿ ಹೊರಡಿಸಿದ ಪ್ರಮಾಣಪತ್ರಗಳ ಅವಧಿ ಒಂದೊಂದಾಗಿ ಮುಗಿಯುವುದು 2026ರ ಜೂನ್‌ನಿಂದ ಶುರು. ಹಳೆಯದರ ಪಕ್ಕದಲ್ಲಿ ಹೊಸದನ್ನು ಕೂರಿಸಬೇಕು. ಅವು ಕೂರುವ ಜಾಗ ಹಾರ್ಡ್ ಡಿಸ್ಕಿನಲ್ಲಿಲ್ಲ, ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್‌ನಲ್ಲಿದೆ. ಹಾಗಾಗಿ ಅಪ್‌ಡೇಟ್ ಬಂದ ಮೇಲೆ ರೀಸ್ಟಾರ್ಟ್ ಕೇಳುತ್ತದೆ, ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು ಸಲ. ಬರೀ ಒಂದು ಫೈಲ್ ಬದಲಿಸಲು ಇಷ್ಟೆಲ್ಲ ಯಾಕೆ? ಇದಕ್ಕೆ ಉತ್ತರ ಬೇಕಾದರೆ ಮೊದಲು ಕಂಪ್ಯೂಟರಿನೊಳಗಿರುವ ಇಬ್ಬರ ಪರಿಚಯ ಆಗಬೇಕು.

ಮನೆ ಮಾಲೀಕ ಮತ್ತು ಬಾಡಿಗೆದಾರ

ಮೊದಲನೆಯದು ಫರ್ಮ್‌ವೇರ್. ಮದರ್‌ಬೋರ್ಡಿನ ಫ್ಲ್ಯಾಶ್ ಚಿಪ್‌ನಲ್ಲಿ ಕೂತಿರುವ ಸಾಫ್ಟ್‌ವೇರ್ ಇದು. ಹಾರ್ಡ್ ಡಿಸ್ಕ್ ಕಿತ್ತು ಹಾಕಿದರೂ ಇದು ಇದ್ದೇ ಇರುತ್ತದೆ. ಹಳೆಯ ಕಂಪ್ಯೂಟರ್‌ಗಳಲ್ಲಿ ಇದನ್ನು ಬಯೋಸ್ ಎನ್ನುತ್ತಿದ್ದರು. ಇವತ್ತಿನ ಯಂತ್ರಗಳಲ್ಲಿ ಯುಇಎಫ್ಐ ಎಂಬ ನಿಯಮಾವಳಿಯಂತೆ ಬರೆದದ್ದು ಇರುತ್ತದೆ, ಆದರೂ ಜನರ ಬಾಯಲ್ಲಿ ಇನ್ನೂ ಬಯೋಸ್ ಎಂದೇ ಉಳಿದಿದೆ.

ಎರಡನೆಯದು ಕರ್ನಲ್. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಆಪರೇಟಿಂಗ್ ಸಿಸ್ಟಮ್‌ನ ತಿರುಳು ಇದೇ. ಮೆಮೊರಿ ಹಂಚುವುದು, ಡಿಸ್ಕ್‌ಗೆ ಬರೆಸುವುದು, ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡಬೇಕು ಎಂದು ತೀರ್ಮಾನಿಸುವುದು ಎಲ್ಲವೂ ಇದರ ಕೆಲಸ.

ಫರ್ಮ್‌ವೇರ್ ಮನೆ ಮಾಲೀಕ, ಕರ್ನಲ್ ಬಾಡಿಗೆದಾರ ಎಂದುಕೊಳ್ಳಿ. ಕರೆಂಟ್ ಬಂದ ತಕ್ಷಣ ಮಾಲೀಕ ಬಂದು ಬಾಗಿಲು ತೆಗೆಯುತ್ತಾನೆ, ದೀಪ ಹಾಕುತ್ತಾನೆ, ನಲ್ಲಿ ತಿರುಗಿಸಿ ನೋಡುತ್ತಾನೆ. ಅಂದರೆ ಮೆಮೊರಿಯನ್ನು ಬಳಕೆಗೆ ಅಣಿ ಮಾಡುತ್ತದೆ, ಡಿಸ್ಕ್ ಮತ್ತು ಕೀಬೋರ್ಡನ್ನು ಪತ್ತೆ ಹಚ್ಚುತ್ತದೆ. ಆಮೇಲೆ ಕರ್ನಲ್‌ಗೆ ಬೀಗದ ಕೈ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಯುಇಎಫ್ಐ ಯಂತ್ರಗಳಲ್ಲಿ ಈ ಕೈ ಬದಲಾಗುವುದಕ್ಕೆ ಒಂದು ಖಚಿತ ಗಳಿಗೆ ಇದೆ. "ನಿನ್ನ ಬೂಟ್ ಸೇವೆಗಳು ಇನ್ನು ಸಾಕು" ಎಂದು ಕರ್ನಲ್ ಕಡೆಯವರು ಫರ್ಮ್‌ವೇರ್‌ಗೆ ಹೇಳುತ್ತಾರೆ. ಅಲ್ಲಿಂದ ಮುಂದೆ ಮನೆ ಬಾಡಿಗೆದಾರನದು.

ಆದರೆ ಮಾಲೀಕ ಪೂರ್ತಿ ಹೋಗಿರುವುದಿಲ್ಲ. ಹಿಂದಿನ ಕೋಣೆಯಲ್ಲಿ ನಾಲ್ಕು ಸಾಮಾನು ಇಟ್ಟುಕೊಂಡು ಉಳಿದಿರುತ್ತಾನೆ. ಗಡಿಯಾರ ಓದುವುದು, ಕೆಲವು ಸೆಟ್ಟಿಂಗ್ ಬರೆದಿಡುವುದು, ಯಂತ್ರವನ್ನು ರೀಸೆಟ್ ಮಾಡುವುದು ಇಂಥ ಕೆಲವೇ ಸೇವೆಗಳು ಕರ್ನಲ್‌ಗೆ ಕೊನೆಯವರೆಗೂ ಸಿಗುತ್ತವೆ. ಇವುಗಳಿಗೆ ರನ್‌ಟೈಮ್ ಸೇವೆಗಳು ಎಂದು ಹೆಸರು.

ರೀಬೂಟ್ ಎಂದರೆ ಬಾಡಿಗೆದಾರ ಮನೆ ಖಾಲಿ ಮಾಡಿ, ಮಾಲೀಕ ಮತ್ತೆ ಮೊದಲಿಂದ ಬಾಗಿಲು ತೆಗೆಯುವುದು. ಕೇಳಲು ಸುಲಭ ಅನಿಸುತ್ತದೆ, ಅಲ್ವಾ? ಆದರೆ ಹೊರಗಿನಿಂದ ಬೀಗ ಹಾಕಬೇಕಾದವನು ಇನ್ನೂ ಒಳಗೇ ಇದ್ದಾನೆ. ಕರ್ನಲ್‌ನ ತೊಂದರೆ ಇದು. ಅದು ಓಡುತ್ತಿರುವುದು ಪ್ರೊಸೆಸರ್ ಮೇಲೆ. ಆ ಪ್ರೊಸೆಸರನ್ನೇ ನಿಲ್ಲಿಸಿ ಮತ್ತೆ ಶುರು ಮಾಡಿಸಬೇಕು. ಶುರುವಾಗುವ ಹೊತ್ತಿಗೆ ಹೇಳಲು ಕೇಳಲು ಕರ್ನಲ್ ಇರುವುದಿಲ್ಲ.

ಮೊದಲು ಮನೆ ಖಾಲಿ ಮಾಡುವ ಕೆಲಸ

ನೀವು ರೀಸ್ಟಾರ್ಟ್ ಒತ್ತಿದಾಗ ಮೊದಲು ಪ್ರೋಗ್ರಾಂಗಳಿಗೆ "ಹೊರಡಿ" ಎಂಬ ಸೂಚನೆ ಹೋಗುತ್ತದೆ. ಇದು ಮರ್ಯಾದೆಯ ಸೂಚನೆ. ಬರೆಯುತ್ತಿದ್ದದ್ದನ್ನು ಉಳಿಸಿ ಹೊರಡಲು ಅವಕಾಶ ಇರುತ್ತದೆ. ಇವತ್ತಿನ ಬಹುತೇಕ ಲಿನಕ್ಸ್‌ಗಳಲ್ಲಿ ಈ ಕೆಲಸ ನೋಡಿಕೊಳ್ಳುವುದು ಸಿಸ್ಟಮ್‌ಡಿ ಎಂಬ ಪ್ರೋಗ್ರಾಂ. ಅದು ಮಾಮೂಲಾಗಿ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಕತ್ತು ಹಿಡಿದು ಹೊರಹಾಕುತ್ತದೆ. ಲಿನಕ್ಸ್ ಬಳಸುವವರು ಪರದೆಯ ಮೇಲೆ ಒಂದೂವರೆ ನಿಮಿಷದ ಎಣಿಕೆ ನೋಡಿ ಬೈದುಕೊಂಡಿದ್ದರೆ ಅದು ಇದೇ.

ನಂತರ ಡಿಸ್ಕ್. ನೀವು ಸೇವ್ ಒತ್ತಿದ ಕೂಡಲೇ ಎಲ್ಲವೂ ಡಿಸ್ಕ್‌ಗೆ ಹೋಗಿರುವುದಿಲ್ಲ. ವೇಗಕ್ಕಾಗಿ ಕರ್ನಲ್ ಸ್ವಲ್ಪವನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಒಟ್ಟಿಗೆ ಬರೆಯುತ್ತದೆ. ಹೊರಡುವ ಮುಂಚೆ ಆ ಬಾಕಿಯನ್ನೆಲ್ಲ ತೀರಿಸಬೇಕು. ಸುಮ್ನೆ ಪ್ಲಗ್ ಕಿತ್ತರೆ ಫೈಲ್ ಹಾಳಾಗುವುದು ಈ ಬಾಕಿ ಉಳಿದುಬಿಡುವುದರಿಂದ.

ಇಷ್ಟಾದ ಮೇಲೆ ಕರ್ನಲ್‌ಗೆ ನಿಜವಾದ ರೀಬೂಟ್ ಆಜ್ಞೆ ಬರುತ್ತದೆ. ಲಿನಕ್ಸ್‌ನಲ್ಲಿ ಆ ಆಜ್ಞೆಯ ಜೊತೆ ಎರಡು ಗುಟ್ಟಿನ ಸಂಖ್ಯೆಗಳನ್ನೂ ಕೊಡಬೇಕು. ಯಾವುದೋ ಪ್ರೋಗ್ರಾಂ ತಪ್ಪಿ ಈ ಆಜ್ಞೆ ಕೊಟ್ಟುಬಿಡಬಾರದು ಎಂದು ಈ ಬೇಲಿ. ಎರಡನೆಯ ಸಂಖ್ಯೆ 672274793. ಇದನ್ನು ಹತ್ತರ ಬದಲು ಹದಿನಾರರ ಎಣಿಕೆಯಲ್ಲಿ (ಹೆಕ್ಸಾಡೆಸಿಮಲ್) ಬರೆದರೆ 28121969 ಬರುತ್ತದೆ. ಲಿನಕ್ಸ್ ಶುರು ಮಾಡಿದ ಲೀನಸ್ ಟೊರ್ವಾಲ್ಡ್ಸ್ ಹುಟ್ಟಿದ್ದು 1969ರ ಡಿಸೆಂಬರ್ 28ರಂದು. ಪ್ರಪಂಚದ ಅದೆಷ್ಟೋ ಸರ್ವರ್‌ಗಳು ಪ್ರತಿ ರೀಬೂಟ್‌ಗೂ ಒಬ್ಬನ ಹುಟ್ಟುಹಬ್ಬ ನೆನೆಯುತ್ತವೆ ಅಂದಹಾಗಾಯಿತು.

ಆಮೇಲಿನ ಹೆಜ್ಜೆ ಹೊರಗೆ ಕಾಣದು, ಆದರೆ ತುಂಬ ಮುಖ್ಯ. ಕರ್ನಲ್ ಒಂದೊಂದೇ ಸಾಧನಕ್ಕೆ "ನಿಲ್ಲು" ಎನ್ನುತ್ತದೆ. ನೆಟ್‌ವರ್ಕ್ ಕಾರ್ಡ್, ಡಿಸ್ಕ್ ಕಂಟ್ರೋಲರ್‌ಗಳಂಥವು ಪ್ರೊಸೆಸರ್‌ನ ಅಪ್ಪಣೆಗೆ ಕಾಯದೆ ನೇರವಾಗಿ ಮೆಮೊರಿಗೆ ಬರೆಯಬಲ್ಲವು. ಕರ್ನಲ್ ಒಮ್ಮೆ "ಬಂದ ಮಾಹಿತಿಯನ್ನು ಈ ಜಾಗಕ್ಕೆ ಸುರಿ" ಎಂದು ಹೇಳಿದ್ದರೆ ನೆಟ್‌ವರ್ಕ್ ಕಾರ್ಡ್ ಸುರಿಯುತ್ತಲೇ ಇರುತ್ತದೆ. ಅದನ್ನು ನಿಲ್ಲಿಸದೆ ಕರ್ನಲ್ ಹೊರಟುಬಿಟ್ಟರೆ? ಮುಂದೆ ಅದೇ ಜಾಗದಲ್ಲಿ ಬಂದು ಕೂರುವ ಹೊಸ ಕರ್ನಲ್‌ನ ಮೇಲೆ ಕಸ ಬೀಳುತ್ತದೆ. ನೀರಿನ ನಲ್ಲಿ ತೆರೆದಿಟ್ಟು ಮನೆ ಬಿಟ್ಟು ಹೋದ ಹಾಗೆ.

ಇವತ್ತಿನ ಪ್ರೊಸೆಸರ್‌ನೊಳಗೆ ಕೋರ್ ಎಂಬ ಹಲವು ಕೆಲಸಗಾರರು ಇರುತ್ತಾರೆ. ಕೊನೆಗೆ ಒಂದು ಕೋರ್ ಬಿಟ್ಟು ಉಳಿದವನ್ನೆಲ್ಲ ನಿಲ್ಲಿಸಲಾಗುತ್ತದೆ. ಈಗ ಇಡೀ ಯಂತ್ರದಲ್ಲಿ ಎಚ್ಚರ ಇರುವುದು ಒಂದೇ ಕೋರ್. ಅದರ ಮುಂದೆ ಇರುವುದು ಒಂದೇ ಕೆಲಸ.

ತನ್ನನ್ನು ತಾನೇ ಕೆಡವಿಕೊಳ್ಳುವುದು ಹೇಗೆ?

ಪ್ರೊಸೆಸರ್‌ಗೆ ರೀಸೆಟ್ ಎಂಬ ಒಂದು ತಂತಿ ಬಂದಿರುತ್ತದೆ. ಆ ತಂತಿಯಲ್ಲಿ ಸಂಕೇತ ಬಂದರೆ ಪ್ರೊಸೆಸರ್ ಎಲ್ಲ ಮರೆತು ಮೊದಲಿಂದ ಶುರು ಮಾಡುತ್ತದೆ. ಹಾಗಾದರೆ ಆ ತಂತಿಯನ್ನು ಎಳೆಯುವವರು ಯಾರು? ಕರ್ನಲ್ ಬೇರೆ ಯಾವುದಾದರೂ ಚಿಪ್‌ಗೆ "ದಯವಿಟ್ಟು ನನ್ನನ್ನೊಮ್ಮೆ ಕೆಡವು" ಎಂದು ಕೇಳಬೇಕು. ಪಿಸಿ ಲೋಕದ ವಿಚಿತ್ರ ಏನೆಂದರೆ, ಹೀಗೆ ಕೇಳಲು ಐದಾರು ದಾರಿಗಳಿವೆ. ಯಾವ ಯಂತ್ರದಲ್ಲಿ ಯಾವುದು ನಡೆಯುತ್ತದೆ ಎಂಬ ಖಾತ್ರಿ ಇಲ್ಲ.

ಎಲ್ಲಕ್ಕಿಂತ ಮಜಾ ಇರುವುದು ಕೀಬೋರ್ಡ್ ದಾರಿ. ಕೀಬೋರ್ಡಿಗೂ ರೀಬೂಟ್‌ಗೂ ಏನು ಸಂಬಂಧ? ಇದರ ಬೇರು 1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಕಂಪ್ಯೂಟರಿನಲ್ಲಿದೆ. ಅದರಲ್ಲಿದ್ದ ಇಂಟೆಲ್ 80286 ಪ್ರೊಸೆಸರ್‌ಗೆ ಎರಡು ಬಗೆಯ ಓಟವಿತ್ತು. ಒಂದು ಹಳೆಯ ಸರಳ ಬಗೆ, ಇನ್ನೊಂದು ಜಾಸ್ತಿ ಮೆಮೊರಿ ಬಳಸಬಲ್ಲ ಹೊಸ ಬಗೆ. ಹಳೆಯದರಿಂದ ಹೊಸದಕ್ಕೆ ದಾಟಬಹುದಿತ್ತು, ವಾಪಸ್ ಬರಲು ಆಜ್ಞೆಯೇ ಇರಲಿಲ್ಲ. ಪ್ರೊಸೆಸರನ್ನು ರೀಸೆಟ್ ಮಾಡುವುದೊಂದೇ ದಾರಿ. ಎಂಜಿನಿಯರ್‌ಗಳು ನೋಡಿದರು: ಕೀಬೋರ್ಡ್ ನೋಡಿಕೊಳ್ಳುವ 8042 ಎಂಬ ಚಿಪ್‌ನಲ್ಲಿ ಕೆಲವು ಕಾಲುಗಳು ಖಾಲಿ ಇವೆ. ಅದರಲ್ಲೊಂದನ್ನು ರೀಸೆಟ್ ತಂತಿಗೆ ಕಟ್ಟಿಬಿಟ್ಟರು.

ರೀಸೆಟ್ ಮಾಡುವ ಮುಂಚೆ, ಬ್ಯಾಟರಿಯಿಂದ ಬದುಕುವ ಒಂದು ಚಿಕ್ಕ ಮೆಮೊರಿಯಲ್ಲಿ, ರೀಸೆಟ್ ಯಾಕೆ ಎಂದು ಸೂಚಿಸುವ ಒಂದು ಸಂಖ್ಯೆಯನ್ನು ಬರೆದಿಡುತ್ತಿದ್ದರು. ಎದ್ದ ಕೂಡಲೇ ಬಯೋಸ್ ಅದನ್ನು ಓದಿ, "ಓ, ಇದು ನಿಜವಾದ ಶುರುವಾತು ಅಲ್ಲ, ಸುಮ್ನೆ ಬಗೆ ಬದಲಿಸಲು ಬಿದ್ದೆದ್ದದ್ದು" ಎಂದು ತಿಳಿದು ಕೆಲಸ ಮುಂದುವರಿಸುತ್ತಿತ್ತು. ಕರ್ನಲ್ ಮತ್ತು ಫರ್ಮ್‌ವೇರ್ ನಡುವೆ ಚೀಟಿ ಬರೆದಿಡುವ ಪದ್ಧತಿ ಅಷ್ಟು ಹಳೆಯದು. ಮುಂದಿನ 80386 ಪ್ರೊಸೆಸರ್‌ನಲ್ಲಿ ವಾಪಸ್ ಬರುವ ದಾರಿ ಬಂತು. ಆದರೆ ಕೀಬೋರ್ಡ್ ಚಿಪ್ ಮೂಲಕ ರೀಸೆಟ್ ಮಾಡುವ ಅಭ್ಯಾಸ ಉಳಿದೇಬಿಟ್ಟಿತು. ಇವತ್ತು ಆ ಪ್ರತ್ಯೇಕ ಚಿಪ್ ಇಲ್ಲದಿದ್ದರೂ ಬೇರೆ ಚಿಪ್‌ಗಳು ಅದರ ವೇಷ ಹಾಕಿ ಅದೇ ಆಜ್ಞೆಗೆ ಓಗೊಡುತ್ತವೆ.

ಎರಡನೆಯ ದಾರಿ ಎಸಿಪಿಐ. ಇಂಟೆಲ್, ಮೈಕ್ರೋಸಾಫ್ಟ್, ತೊಶಿಬಾ ಸೇರಿ 1996ರಲ್ಲಿ ತಂದ ನಿಯಮಾವಳಿ ಇದು. ಇದರ ಪ್ರಕಾರ ಫರ್ಮ್‌ವೇರ್ ಕರ್ನಲ್‌ಗಾಗಿ ಕೆಲವು ಪಟ್ಟಿಗಳನ್ನು ಮೆಮೊರಿಯಲ್ಲಿ ಬಿಟ್ಟು ಹೋಗುತ್ತದೆ. ಮಾಲೀಕ ಗೋಡೆಗೆ ಅಂಟಿಸಿ ಹೋದ ಸೂಚನೆಗಳ ಹಾಳೆ ಎನ್ನಿ. ಅದರಲ್ಲಿ ಒಂದು ಸಾಲು: "ರೀಸೆಟ್ ಬೇಕಾದರೆ ಇಂಥ ವಿಳಾಸಕ್ಕೆ ಇಂಥ ಸಂಖ್ಯೆ ಬರೆ." ಕರ್ನಲ್ ಅಷ್ಟು ಮಾಡಿದರೆ ಸಾಕು.

ಮೂರನೆಯದು ಯುಇಎಫ್ಐ ರನ್‌ಟೈಮ್ ಸೇವೆ. ಹಿಂದಿನ ಕೋಣೆಯಲ್ಲಿರುವ ಮಾಲೀಕನನ್ನೇ ಕೂಗಿ "ನೀನೇ ರೀಸೆಟ್ ಮಾಡು" ಎನ್ನುವುದು. ಎಲ್ಲಕ್ಕಿಂತ ನೇರವಾದದ್ದು ಇದೇ ಅನಿಸುತ್ತದೆ. ಆದರೆ ಲಿನಕ್ಸ್ ಪಿಸಿಗಳಲ್ಲಿ ಇದಕ್ಕೆ ಮೊದಲ ಸ್ಥಾನವಿಲ್ಲ. ಮೊದಲು ಎಸಿಪಿಐ, ಅದು ಕೆಲಸ ಮಾಡದಿದ್ದರೆ ಕೀಬೋರ್ಡ್ ದಾರಿ, ಮತ್ತೆ ಎಸಿಪಿಐ, ಮತ್ತೆ ಕೀಬೋರ್ಡ್, ಆಮೇಲೆ ಯುಇಎಫ್ಐ. ಒಂದೇ ಬಾಗಿಲನ್ನು ಎರಡೆರಡು ಸಲ ತಟ್ಟುವುದು ಯಾಕೆ? ವಿಂಡೋಸ್ ಹೀಗೆ ಮಾಡುತ್ತದೆ ಎಂಬ ಕಾರಣಕ್ಕೆ. ತಯಾರಕರು ಯಂತ್ರವನ್ನು ಪರೀಕ್ಷಿಸುವುದು ವಿಂಡೋಸ್ ಹಾಕಿ. ಅದು ಹೋಗುವ ದಾರಿಯಷ್ಟೇ ಚೆನ್ನಾಗಿ ಸವೆದಿರುತ್ತದೆ. ಕಾಗದದ ಮೇಲೆ ಯಾವುದು ಸರಿ ಎನ್ನುವುದಕ್ಕಿಂತ ಯಾವ ದಾರಿಯಲ್ಲಿ ಜನ ಓಡಾಡಿದ್ದಾರೆ ಎಂಬುದೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಇದೂ ಸಾಲದೆ, ಲಿನಕ್ಸ್ ಕರ್ನಲ್‌ನ ಒಳಗೆ ಒಂದು ಪಟ್ಟಿಯೇ ಇದೆ. ಈ ಮಾದರಿಯ ಲ್ಯಾಪ್‌ಟಾಪ್ ಆದರೆ ಆ ದಾರಿ, ಆ ಮಾದರಿ ಆದರೆ ಈ ದಾರಿ ಅಂತ. ರೀಬೂಟ್ ಒತ್ತಿದರೆ ಅಲ್ಲಾಡದೆ ನಿಂತುಬಿಟ್ಟ ಯಂತ್ರಗಳ ದೂರುಗಳಿಂದ ವರ್ಷಗಟ್ಟಲೆ ಬೆಳೆದ ಪಟ್ಟಿ ಅದು.

ಯಾವುದೂ ನಡೆಯದಿದ್ದರೆ ಒಂದು ಒರಟು ಉಪಾಯ ಇದೆ. ಪ್ರೊಸೆಸರ್‌ನಲ್ಲಿ ಏನಾದರೂ ತಪ್ಪಾದರೆ ಅದು ಒಂದು ಕೋಷ್ಟಕ ನೋಡಿ ಪರಿಹಾರ ಹುಡುಕುತ್ತದೆ. ಕರ್ನಲ್ ಬೇಕೆಂದೇ ಆ ಕೋಷ್ಟಕವನ್ನು ಖಾಲಿ ಮಾಡಿ, ಬೇಕೆಂದೇ ಒಂದು ತಪ್ಪು ಮಾಡುತ್ತದೆ. ಪರಿಹಾರ ಹುಡುಕಲು ಹೋದಾಗ ಎರಡನೆಯ ತಪ್ಪು. ಅದಕ್ಕೆ ಪರಿಹಾರ ಹುಡುಕಲು ಹೋದರೆ ಮೂರನೆಯದು. ಮೂರಾದ ಮೇಲೆ ಪ್ರೊಸೆಸರ್ ಕೈಚೆಲ್ಲುತ್ತದೆ. ಅದನ್ನು ಕಂಡ ಮದರ್‌ಬೋರ್ಡ್ ಇಡೀ ಯಂತ್ರವನ್ನು ರೀಸೆಟ್ ಮಾಡುತ್ತದೆ. ಕೂತ ಕೊಂಬೆಯನ್ನೇ ಕಡಿದುಕೊಳ್ಳುವುದು ಎಂದರೆ ಇದು, ಆದರೆ ಇಲ್ಲಿ ಬೀಳುವುದೇ ಉದ್ದೇಶ!

ಬಿದ್ದ ಮೇಲೆ ಎಲ್ಲಿ ಏಳುವುದು?

ಇಂಟೆಲ್ ಮಾದರಿಯ ಪ್ರೊಸೆಸರ್ ರೀಸೆಟ್ ಆದ ಕೂಡಲೇ ಓದುವ ಮೊದಲ ವಿಳಾಸ ಮೊದಲೇ ನಿಗದಿಯಾಗಿದೆ. 4 ಜಿಬಿ ಗಡಿಗೆ ಸರಿಯಾಗಿ 16 ಬೈಟ್ ಮುಂಚೆ. ಅಲ್ಲಿ ಕಾಣುವುದು ರ‍್ಯಾಮ್ ಅಲ್ಲ, ಫರ್ಮ್‌ವೇರ್ ಇರುವ ಫ್ಲ್ಯಾಶ್ ಚಿಪ್. 16 ಬೈಟ್‌ನಲ್ಲಿ ಏನೂ ಹಿಡಿಸದು, "ಅಲ್ಲಿಗೆ ಜಿಗಿ" ಎಂಬ ಒಂದು ಆಜ್ಞೆಗೆ ಮಾತ್ರ ಸಾಕು. ಮಾಲೀಕ ಮತ್ತೆ ಬಾಗಿಲು ತೆಗೆದ.

ತಣ್ಣನೆಯ ಶುರು, ಬೆಚ್ಚನೆಯ ಶುರು

ರೀಬೂಟ್‌ನಲ್ಲೂ ಎರಡು ಬಗೆ. ಕೋಲ್ಡ್ ರೀಸೆಟ್ ಎಂದರೆ ಎಲ್ಲವನ್ನೂ ಮೊದಲಿಂದ ಅಣಿ ಮಾಡುವುದು. ವಾರ್ಮ್ ರೀಸೆಟ್‌ನಲ್ಲಿ ಕರೆಂಟ್ ಹೋಗುವುದಿಲ್ಲ, ಮೆಮೊರಿಯಲ್ಲಿ ಇದ್ದದ್ದು ಉಳಿಯಬಹುದು.

1981ರ ಮೊದಲ ಐಬಿಎಂ ಪಿಸಿಯಲ್ಲೇ ಈ ಭೇದ ಇತ್ತು. ಆನ್ ಮಾಡಿದಾಗಲೆಲ್ಲ ಅದು ಮೆಮೊರಿಯನ್ನು ಪೂರ್ತಿ ಪರೀಕ್ಷಿಸುತ್ತಿತ್ತು. ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ರೀಬೂಟ್ ಮಾಡಿದರೆ ಮೆಮೊರಿಯ ಒಂದು ಗೊತ್ತಾದ ಜಾಗದಲ್ಲಿ 1234 ಎಂದು ಬರೆಯುತ್ತಿದ್ದರು. ಅದನ್ನು ಕಂಡ ಬಯೋಸ್ "ಈಗಷ್ಟೇ ಪರೀಕ್ಷೆ ಆಗಿದೆ" ಎಂದು ಆ ಹಂತ ಬಿಟ್ಟುಬಿಡುತ್ತಿತ್ತು. ವಾರ್ಮ್ ರೀಬೂಟ್ ಕೇಳಿದರೆ ಲಿನಕ್ಸ್ ಇವತ್ತಿಗೂ ಅದೇ ಜಾಗದಲ್ಲಿ ಅದೇ 1234 ಬರೆಯುತ್ತದೆ. ಓದುವವರು ಇದ್ದಾರೋ ಇಲ್ಲವೋ, ಬರೆದಿಡುವುದು ಮಾತ್ರ ತಪ್ಪಿಲ್ಲ.

ಮೆಮೊರಿ ಉಳಿಯುವುದರಿಂದ ಲಾಭವೂ ಇದೆ, ಅಪಾಯವೂ ಇದೆ. ಕರೆಂಟ್ ಹೋದ ಕ್ಷಣವೇ ರ‍್ಯಾಮ್ ಖಾಲಿಯಾಗುವುದಿಲ್ಲ, ಚಿಪ್ ತಣ್ಣಗಿದ್ದಷ್ಟೂ ಮಾಹಿತಿ ಹೆಚ್ಚು ಹೊತ್ತು ಉಳಿಯುತ್ತದೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು 2008ರಲ್ಲಿ ತೋರಿಸಿಕೊಟ್ಟರು. ಹೀಗೆ ಉಳಿದದ್ದರಲ್ಲಿ ಡಿಸ್ಕ್‌ನ ಗುಪ್ತ ಕೀಲಿಯೂ ಸಿಗಬಹುದು. ಇದಕ್ಕೆ ಮದ್ದಾಗಿ ಕರ್ನಲ್ ಫರ್ಮ್‌ವೇರ್‌ಗೆ ಮೊದಲೇ ಒಂದು ಕೋರಿಕೆ ಬರೆದಿಡಬಹುದು: "ಮುಂದಿನ ಸಲ ಏಳುವಾಗ ಮೆಮೊರಿಯನ್ನೆಲ್ಲ ಒರೆಸಿಬಿಡು."

ಹೊರಡುವ ಮುಂಚೆ ಬರೆದಿಟ್ಟ ಚೀಟಿ

ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಈಗ ಬರೋಣ. ಕರ್ನಲ್ ಮತ್ತು ಫರ್ಮ್‌ವೇರ್ ಪೂರ್ತಿ ಎಚ್ಚರದಲ್ಲಿ ಎದುರುಬದುರು ಕೂರುವುದೇ ಅಪರೂಪ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುತ್ತಾರೆ. ಹಾಗಾಗಿ ಮಾತುಕತೆ ಚೀಟಿಗಳಲ್ಲಿ. ಯುಇಎಫ್ಐಯಲ್ಲಿ ಇವುಗಳಿಗೆ ವೇರಿಯಬಲ್ ಎಂದು ಹೆಸರು. ಇವು ಫ್ಲ್ಯಾಶ್ ಚಿಪ್‌ನಲ್ಲೇ ಉಳಿಯುತ್ತವೆ. "ಮುಂದಿನ ಒಂದು ಸಲ ಮಾತ್ರ ಆ ಡಿಸ್ಕಿನಿಂದ ಶುರು ಮಾಡು" ಎನ್ನಲು ಒಂದು ಚೀಟಿ. "ಎದ್ದ ಕೂಡಲೇ ಸೆಟ್ಟಿಂಗ್ ಪರದೆ ತೋರಿಸು" ಎನ್ನಲು ಇನ್ನೊಂದು. ವಿಂಡೋಸ್‌ನ ರಿಕವರಿ ಮೆನುವಿನಲ್ಲಿ ಫರ್ಮ್‌ವೇರ್ ಸೆಟ್ಟಿಂಗ್ ಆರಿಸಿಕೊಂಡರೆ ಆಗುವುದು ಇಷ್ಟೇ.

ಸೆಕ್ಯೂರ್ ಬೂಟ್ ಪ್ರಮಾಣಪತ್ರಗಳು ಕೂಡ ಇಂಥ ವೇರಿಯಬಲ್‌ಗಳೇ, ಆದರೆ ಕಾವಲು ಇರುವಂಥವು. ಸರಿಯಾದ ಸಹಿ ಇಲ್ಲದೆ ಫರ್ಮ್‌ವೇರ್ ಇವುಗಳನ್ನು ಮುಟ್ಟಲು ಬಿಡುವುದಿಲ್ಲ. ಹೊಸದನ್ನು ಬರೆದ ಮೇಲೂ ಅದನ್ನು ನೋಡಿ ಪರೀಕ್ಷೆ ನಡೆಯುವುದು ಯಂತ್ರ ಶುರುವಾಗುವಾಗ. ಹಾಗಾಗಿ ಮೊದಲು ಹೊಸ ಪ್ರಮಾಣಪತ್ರ, ಆಮೇಲೆ ಅದರ ಸಹಿ ಇರುವ ಹೊಸ ಬೂಟ್ ಪ್ರೋಗ್ರಾಂ, ಹೀಗೆ ಹಂತ ಹಂತವಾಗಿ ಹೋಗಬೇಕು. ನಡುನಡುವೆ ರೀಸ್ಟಾರ್ಟ್.

ಫರ್ಮ್‌ವೇರನ್ನೇ ಬದಲಿಸುವುದಾದರೆ ಚೀಟಿ ಸಾಲದು, ದೊಡ್ಡ ಪೊಟ್ಟಣವೇ ಬೇಕು. ಇದಕ್ಕೆ ಕ್ಯಾಪ್ಸೂಲ್ ಎನ್ನುತ್ತಾರೆ. ಇದನ್ನು ಡಿಸ್ಕ್‌ನ ಒಂದು ನಿಗದಿತ ಜಾಗದಲ್ಲಿ ಇಡಬಹುದು, ಇಲ್ಲವೇ ಮೆಮೊರಿಯಲ್ಲೇ ಬಿಟ್ಟು ಹೋಗಬಹುದು. ಮೆಮೊರಿಯಲ್ಲಿ ಬಿಟ್ಟರೆ ಅದು ಅಳಿಯದಂಥ ರೀಸೆಟ್ ಬೇಕು. ಇಂಥ ಕ್ಯಾಪ್ಸೂಲ್ ಕಾದಿದ್ದರೆ ಲಿನಕ್ಸ್ ತನ್ನ ಮಾಮೂಲು ಸರದಿ ಬಿಟ್ಟು, ಯುಇಎಫ್ಐ ಸೇವೆಯ ಮೂಲಕವೇ ಹೇಳಿದ ಬಗೆಯ ರೀಸೆಟ್ ಮಾಡಿಸುತ್ತದೆ.

ಚೀಟಿ ಇಡುವ ಡಬ್ಬಿಯೇ ಕೆಟ್ಟರೆ ಗತಿ ಏನು? ಅದೂ ಆಗಿದೆ. 2013ರಲ್ಲಿ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪ್‌ಗಳು ಆ ಜಾಗ ತುಂಬಿದ್ದಕ್ಕೇ ಮತ್ತೆ ಶುರುವಾಗದೆ ಕೂತವು. ಆಮೇಲೆ ಲಿನಕ್ಸ್ ಆ ಜಾಗವನ್ನು ಪೂರ್ತಿ ತುಂಬದಂತೆ ಎಚ್ಚರ ವಹಿಸತೊಡಗಿತು. 2016ರಲ್ಲಿ ಇನ್ನೊಂದು: ಲಿನಕ್ಸ್‌ನಲ್ಲಿ ಈ ವೇರಿಯಬಲ್‌ಗಳು ಫೈಲ್‌ಗಳ ಹಾಗೆ ಕಾಣುತ್ತವೆ. ಡಿಸ್ಕ್‌ನ ಎಲ್ಲ ಫೈಲ್ ಅಳಿಸುವ ಆಜ್ಞೆ ಕೊಟ್ಟವರ ಕೆಲವು ಯಂತ್ರಗಳಲ್ಲಿ ಇವೂ ಅಳಿಸಿಹೋಗಿ ಯಂತ್ರವೇ ಏಳಲಿಲ್ಲ. ಈಗ ಕರ್ನಲ್ ತನಗೆ ಚೆನ್ನಾಗಿ ಗೊತ್ತಿರುವ, ನಿಯಮಾವಳಿಯಲ್ಲೇ ಇರುವ ಕೆಲವನ್ನು ಬಿಟ್ಟು ಉಳಿದವನ್ನು ಸುಲಭಕ್ಕೆ ಅಳಿಸಲು ಬಿಡುವುದಿಲ್ಲ.

ಆಫ್ ಮಾಡಿ ಆನ್ ಮಾಡಿದರೆ ಸಾಲದೇ?

ವಿಂಡೋಸ್‌ನಲ್ಲಿ ಸಾಲದಿರಬಹುದು. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂತು. ಇದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ಕರ್ನಲ್ ತನ್ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಮಲಗುತ್ತದೆ. ಮತ್ತೆ ಆನ್ ಮಾಡಿದರೆ ಏಳುವುದು ಅದೇ ಹಳೆಯ ಕರ್ನಲ್, ಹಳೆಯ ತಕರಾರನ್ನೂ ಹೊತ್ತುಕೊಂಡು. ರೀಸ್ಟಾರ್ಟ್ ಒತ್ತಿದರೆ ಮಾತ್ರ ನಿಜವಾಗಿ ಮನೆ ಖಾಲಿ. ಹೆಸರು ನೋಡಿದರೆ ಉಲ್ಟಾ ಅನಿಸುತ್ತದೆ, ಆದರೆ ವ್ಯವಸ್ಥೆ ಹಾಗಿದೆ.

ಮೊಬೈಲ್‌ನಲ್ಲಿ, ಸರ್ವರ್‌ನಲ್ಲಿ

ಬಹುತೇಕ ಫೋನ್‌ಗಳ ಆರ್ಮ್ ಪ್ರೊಸೆಸರ್ ಲೋಕದಲ್ಲಿ ಇಷ್ಟು ಗೋಜಲಿಲ್ಲ. ಪಿಎಸ್‌ಸಿಐ ಎಂಬ ಒಪ್ಪಂದ ಇದೆ. ಕರ್ನಲ್ ಒಂದು ವಿಶೇಷ ಆಜ್ಞೆಯಿಂದ ತನಗಿಂತ ಮೇಲಿನ ಅಧಿಕಾರದಲ್ಲಿ ಓಡುವ ಫರ್ಮ್‌ವೇರನ್ನು ಕರೆದು "ರೀಸೆಟ್" ಎನ್ನುತ್ತದೆ, ಉಳಿದದ್ದು ಅದರ ಪಾಲು. ಪಿಸಿಯ ನಲವತ್ತು ವರ್ಷದ ಹೊರೆ ಇದಕ್ಕಿಲ್ಲ.

ದೊಡ್ಡ ಸರ್ವರ್‌ಗಳ ಕಷ್ಟ ಬೇರೆ. ಅಲ್ಲಿ ಫರ್ಮ್‌ವೇರ್ ಎಲ್ಲ ಮೆಮೊರಿ, ಎಲ್ಲ ಕಾರ್ಡ್ ಪರೀಕ್ಷಿಸಿ ಮುಗಿಸಲು ಹಲವು ನಿಮಿಷ ಬೇಕು. ಅದಕ್ಕೇ 2005ರಲ್ಲಿ ಲಿನಕ್ಸ್‌ಗೆ ಕೆಎಕ್ಸೆಕ್ ಎಂಬ ಅಡ್ಡದಾರಿ ಸೇರಿತು. ಹಳೆಯ ಕರ್ನಲ್ ಹೊಸ ಕರ್ನಲನ್ನು ತಾನೇ ಮೆಮೊರಿಗೆ ತಂದು, ನೇರವಾಗಿ ಅದಕ್ಕೆ ಜಿಗಿಯುತ್ತದೆ. ಮಾಲೀಕನಿಗೆ ಸುದ್ದಿಯೇ ಇಲ್ಲ, ಬಾಡಿಗೆದಾರರೇ ಬೀಗದ ಕೈ ಬದಲಾಯಿಸಿಕೊಂಡರು. ಹೀಗೆ ಮಾಡುವಾಗ ಸಾಧನಗಳನ್ನು ರೀಸೆಟ್ ಮಾಡಿಕೊಡುವವರು ಯಾರೂ ಇಲ್ಲ. ನಲ್ಲಿ ಮುಚ್ಚುವ ಕೆಲಸ ಇಲ್ಲಿ ಇನ್ನೂ ನಾಜೂಕು.

ನಡುವೆ ನಿಂತುಹೋದರೆ

ರೀಬೂಟ್ ಅರ್ಧದಲ್ಲಿ ನಿಂತರೆ ಪರದೆ ನೋಡಿಯೇ ಒಂದಷ್ಟು ಊಹಿಸಬಹುದು. ರೀಸ್ಟಾರ್ಟ್ ಆಗುತ್ತಿದೆ ಎಂಬ ಬರಹದಲ್ಲೇ ನಿಂತಿದ್ದರೆ ಇನ್ನೂ ಆಪರೇಟಿಂಗ್ ಸಿಸ್ಟಮ್ ಕಡೆಯ ಕೆಲಸ ಮುಗಿದಿಲ್ಲ. ಯಾವುದೋ ಪ್ರೋಗ್ರಾಂ ಅಥವಾ ಡ್ರೈವರ್ (ಒಂದು ಸಾಧನವನ್ನು ನಡೆಸುವ ಸಾಫ್ಟ್‌ವೇರ್) ಹೊರಡಲು ಒಲ್ಲೆ ಎನ್ನುತ್ತಿರಬಹುದು. ಪರದೆ ಕಪ್ಪಾಗಿ, ಫ್ಯಾನ್ ಮಾತ್ರ ತಿರುಗುತ್ತಾ ನಿಮಿಷಗಟ್ಟಲೆ ಕಳೆದರೆ ರೀಸೆಟ್ ಪೆಟ್ಟು ಬಿದ್ದಿಲ್ಲದಿರಬಹುದು, ಅಥವಾ ಫರ್ಮ್‌ವೇರ್ ಮೆಮೊರಿ ಅಣಿ ಮಾಡುತ್ತಿರಬಹುದು. ಸ್ವಲ್ಪ ಕಾದು ನೋಡಿ, ಆಮೇಲೆ ಪವರ್ ಬಟನ್ ಒತ್ತಿ ಹಿಡಿಯಿರಿ. ಎಸಿಪಿಐ ನಿಯಮದಂತೆ 4 ಸೆಕೆಂಡಿಗಿಂತ ಹೆಚ್ಚು ಒತ್ತಿದರೆ ಯಂತ್ರ ಆರುತ್ತದೆ, ಕೆಲವು ಯಂತ್ರಗಳಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಈ ಪೆಟ್ಟಿಗೆ ಕರ್ನಲ್‌ನ ಒಪ್ಪಿಗೆ ಬೇಡ. ಅದು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಬೇಕೆಂದೂ ಇಲ್ಲ.

ಲೋಗೋ ಕೆಳಗೆ ಫರ್ಮ್‌ವೇರ್ ಅಪ್‌ಡೇಟ್ ಎಂಬ ಬರಹ, ಪಕ್ಕದಲ್ಲಿ ತೆವಳುವ ಪಟ್ಟಿ ಕಂಡರೆ ಮಾತ್ರ ಆ ಬಟನ್ ಮುಟ್ಟಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಇಡಿ. ಆಗ ಬರೆಯುತ್ತಿರುವುದು ಮಾಲೀಕನ ಮೇಲೆಯೇ. ಅರ್ಧಕ್ಕೆ ನಿಂತರೆ, ಅನೇಕ ಯಂತ್ರಗಳಲ್ಲಿ ಮುಂದಿನ ಸಲ ಬಾಗಿಲು ತೆಗೆಯಲು ಯಾರೂ ಇರುವುದಿಲ್ಲ.